ಮಧ್ಯಾಹ್ನದ ಅರುಂಧತಿ

ಹಾವೇರಿ ಸೀಮೆಯಲ್ಲಿ ಅಕ್ಕಿಕಾಳು ಬೀಳುವುದು ಹೆಚ್ಚಾಗಿ ಮಧ್ಯಾಹ್ನ ಹನ್ನೆರಡೂವರೆಯ ಆಸುಪಾಸಿನಲ್ಲಿ. ಅಷ್ಟೊತ್ತಿಗೆ ಮದುಮಕ್ಕಳ ಕೊರಳಿಗೆ ಏಲಕ್ಕಿ ಹಾರ ಬಿದ್ದಿರುತ್ತದೆ, ಮೊದಲ ಪಂಕ್ತಿಯ ಎಲೆಗಳ ಮುಂದೆ ಜನ ಕೂತಿರುತ್ತಾರೆ. ವೈದಿಕ ಪದ್ಧತಿಯ ಮದುವೆಯಾದರೆ ಸಪ್ತಪದಿ ಮುಗಿದ ಮೇಲೆ ಭಟ್ಟರು ವಧೂವರರನ್ನು ಕಲ್ಯಾಣಮಂಟಪದ ಅಂಗಳಕ್ಕೆ ಕರೆತರುತ್ತಾರೆ. ನೆತ್ತಿ ಸುಡುವ ಬಿಸಿಲಿನಲ್ಲಿ ಉತ್ತರಕ್ಕೆ ಬೆರಳು ಮಾಡಿ, "ಅಲ್ಲಿ ನೋಡವಾ, ಅರುಂಧತಿ. ಕಾಣ್ತಾಳಿಲ್ಲೋ?" ಎನ್ನುತ್ತಾರೆ. "ಕಾಣ್ತಾಳ್ರೀ" ಎನ್ನುತ್ತಾಳೆ ಮದುಮಗಳು. ಫೋಟೊದವನು ಕ್ಲಿಕ್ ಮಾಡುತ್ತಾನೆ, ಎಲ್ಲರೂ ಊಟಕ್ಕೆ ನಡೆಯುತ್ತಾರೆ.

ಗೃಹ್ಯಸೂತ್ರಗಳಲ್ಲಿ ಇದು ಸೂರ್ಯ ಮುಳುಗಿ ನಕ್ಷತ್ರ ಮೂಡಿದ ಮೇಲೆ ಮಾಡುವ ವಿಧಿ. ಮುಹೂರ್ತ ಹಗಲಿಗೆ ಸರಿದಾಗ ವಿಧಿಯೂ ಅದರ ಬೆನ್ನು ಹತ್ತಿ ಹಗಲಿಗೆ ಬಂತು. ಬಿಸಿಲಲ್ಲಿ ನಕ್ಷತ್ರ ಕಾಣುವುದಿಲ್ಲ ಎಂಬುದು ಭಟ್ಟರಿಗೂ ಗೊತ್ತು, ಮದುಮಗಳಿಗೂ ಗೊತ್ತು. ಇಬ್ಬರ ಗಮನಕ್ಕೂ ಬಾರದ ಸಂಗತಿ ಇನ್ನೊಂದಿದೆ. ಹಾವೇರಿ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ರಾಣೇಬೆನ್ನೂರು, ಬ್ಯಾಡಗಿ ಕೂಡ ಹೆಚ್ಚುಕಡಿಮೆ ಅಲ್ಲಿಯೇ. ಅರುಂಧತಿ ಇರುವುದು ಖಗೋಳದ ಸಮಭಾಜಕದಿಂದ 55 ಡಿಗ್ರಿ ಉತ್ತರಕ್ಕೆ. ಈ ಎರಡು ಅಂಕಿ ಇಟ್ಟುಕೊಂಡು ಲೆಕ್ಕ ಹಾಕಿದರೆ ಆ ನಕ್ಷತ್ರ ದಿನದಲ್ಲಿ ಸುಮಾರು 15 ತಾಸು ನಮ್ಮ ದಿಗಂತದ ಮೇಲಿರುತ್ತದೆ, 9 ತಾಸು ಕೆಳಗಿರುತ್ತದೆ. ಫೆಬ್ರುವರಿಯ ನಡುವಿನಿಂದ ಜೂನ್ ನಡುವಿನವರೆಗೆ, ಅಂದರೆ ಮದುವೆಗಳು ಒತ್ತೊತ್ತಾಗಿ ಬರುವ ತಿಂಗಳುಗಳಲ್ಲಿ, ಮಧ್ಯಾಹ್ನ ಹನ್ನೆರಡೂವರೆಗೆ ಅದು ಆ ಕೆಳಗಿನ 9 ತಾಸಿನಲ್ಲಿಯೇ ಸಿಕ್ಕಿರುತ್ತದೆ. ಬೆರಳು ಆಕಾಶಕ್ಕೆ, ನಕ್ಷತ್ರ ನೆಲದ ಕೆಳಗೆ. ಸೂರ್ಯನನ್ನು ಯಾರಾದರೂ ಆರಿಸಿಬಿಟ್ಟರೂ ಅದು ಆಗ ಕಾಣುವುದಿಲ್ಲ.

ರಾತ್ರಿ ಹುಡುಕುವುದು ಕಷ್ಟವಲ್ಲ. ಮೇ ಕೊನೆಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ ನಿಲ್ಲಬೇಕು. ಹಾವೇರಿಯವರಿಗೆ ಅದು ಸವಣೂರಿನ ದಿಕ್ಕು, ರಾಣೇಬೆನ್ನೂರಿನವರಿಗೆ ಗುತ್ತಲದ ದಿಕ್ಕು, ಬ್ಯಾಡಗಿಯವರು ಹಾವೇರಿಯತ್ತ ತಿರುಗಿ ತುಸು ಬಲಕ್ಕೆ ಹೊರಳಿದರೆ ಸಾಕು. ದಿಗಂತದಿಂದ ನೆತ್ತಿಯವರೆಗಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ಸಪ್ತರ್ಷಿಗಳು ಹರಡಿಕೊಂಡಿರುತ್ತಾರೆ. ಎಡಕ್ಕೆ ನಾಲ್ಕು ನಕ್ಷತ್ರಗಳ ಚೌಕ, ಬಲಕ್ಕೆ ಮೂರರ ಬಾಲ. ಬಾಲದ ತುದಿಯವನು ಮರೀಚಿ, ಅವನ ಪಕ್ಕದವನು ವಸಿಷ್ಠ. ವಸಿಷ್ಠನ ಮೇಲೆ ಕಣ್ಣು ನೆಟ್ಟು ಒಂದರೆಕ್ಷಣ ಕಾದರೆ ಮಗ್ಗುಲಲ್ಲಿ ಮಸುಕಾದ ಬಿಳಿ ಚುಕ್ಕೆಯೊಂದು ಎದ್ದು ಬರುತ್ತದೆ. ಮೊದಲು ದೊಡ್ಡದನ್ನು ತೋರಿಸಿ ಅದರ ಆಸರೆಯಿಂದ ಸಣ್ಣದಕ್ಕೆ ಕಣ್ಣು ಒಯ್ಯುವ ಈ ಕ್ರಮಕ್ಕೆ ನಮ್ಮ ಶಾಸ್ತ್ರಕಾರರು ಅರುಂಧತೀ ನ್ಯಾಯ ಎಂದೇ ಹೆಸರಿಟ್ಟಿದ್ದಾರೆ. ವೇದಾಂತ ಕಲಿಸುವವರು ಬಳಸುತ್ತಿದ್ದ ಈ ನ್ಯಾಯ ಖಗೋಳ ಕಲಿಸುವುದಕ್ಕೂ ಚೆನ್ನಾಗಿ ಒದಗುತ್ತದೆ.

ಅರಬರು ಇದೇ ಜೋಡಿಯನ್ನು ಕಣ್ಣಿನ ಪರೀಕ್ಷೆಗೆ ಬಳಸುತ್ತಿದ್ದರು. ಪಾಶ್ಚಾತ್ಯ ನಕ್ಷೆಗಳಲ್ಲಿರುವ ಮಿಜಾರ್ ಮತ್ತು ಅಲ್ಕೋರ್ ಹೆಸರುಗಳೂ ಅರಬ್ಬಿ ಮೂಲದವೇ. ಪರೀಕ್ಷೆ ಕೇಳಿದಷ್ಟು ಬಿಗಿಯಾದದ್ದೇನಲ್ಲ. ಎರಡರ ನಡುವಿನ ಅಂತರ ಡಿಗ್ರಿಯ ಐದನೇ ಒಂದು ಭಾಗ, ಹುಣ್ಣಿಮೆ ಚಂದ್ರನ ಅಗಲದ ಅರ್ಧಕ್ಕಿಂತ ತುಸು ಕಡಿಮೆ. ಒಳ್ಳೆಯ ಕಣ್ಣು ಇದರ ಹನ್ನೆರಡನೇ ಒಂದಂಶ ಅಂತರವನ್ನೂ ಬಿಡಿಸಿ ನೋಡಬಲ್ಲದು. ತೊಡಕಿರುವುದು ಹೊಳಪಿನಲ್ಲಿ. ವಸಿಷ್ಠನ ಕಾಂತಿಮಾನ 2, ಅರುಂಧತಿಯದು 4. ಈ ಅಳತೆಯಲ್ಲಿ ಅಂಕಿ ಏರಿದಷ್ಟೂ ಬೆಳಕು ಇಳಿಯುತ್ತದೆ. ಎರಡು ಅಂಕಿಯ ವ್ಯತ್ಯಾಸವೆಂದರೆ ಸುಮಾರು ಆರು ಪಟ್ಟು. ಪೇಟೆಯ ಎಲ್‌ಇಡಿ ದೀಪಗಳ ಕೆಳಗೆ ನಿಂತರೆ ವಸಿಷ್ಠ ಉಳಿಯುತ್ತಾನೆ, ಅರುಂಧತಿ ಅಳಿಸಿಹೋಗುತ್ತಾಳೆ.

ಮಸುಕು ಎಂಬ ಈ ಮಾತಿನ ಬಗ್ಗೆಯೇ ನನ್ನ ತಕರಾರು. ಅರುಂಧತಿಯ ದೂರ ಸುಮಾರು 82 ಜ್ಯೋತಿರ್ವರ್ಷ. ನಮ್ಮ ಸೂರ್ಯನನ್ನು ಎತ್ತಿಕೊಂಡು ಹೋಗಿ ಅಲ್ಲಿ ಇಟ್ಟರೆ ಅದರ ಕಾಂತಿಮಾನ 6.8ಕ್ಕೆ ಇಳಿಯುತ್ತದೆ. ಬರಿಗಣ್ಣಿನ ಮಿತಿ 6 ಅಥವಾ ಅದಕ್ಕಿಂತ ಕೂದಲೆಳೆ ಹೆಚ್ಚು. ಅಂದರೆ ಹೆಗ್ಗೇರಿ ಕೆರೆಯ ಏರಿಯ ಮೇಲೆ ಅಮಾವಾಸ್ಯೆಯ ಕತ್ತಲಲ್ಲಿ ನಿಂತು ನೋಡಿದರೂ ಸೂರ್ಯ ಕಾಣುವುದಿಲ್ಲ. ಅರುಂಧತಿ ಕಾಣುತ್ತದೆ, ಏಕೆಂದರೆ ಅದು ಸೂರ್ಯನಿಗಿಂತ ಹದಿಮೂರು ಹದಿನಾಲ್ಕು ಪಟ್ಟು ಹೆಚ್ಚು ಬೆಳಕು ಚೆಲ್ಲುವ ನಕ್ಷತ್ರ. ದ್ರವ್ಯರಾಶಿ ಸೂರ್ಯನ ಎರಡು ಪಟ್ಟಿಗೆ ಸ್ವಲ್ಪ ಕಡಿಮೆ. ಅಡ್ಡಳತೆಯೂ ಎರಡು ಪಟ್ಟಿನ ಹತ್ತಿರ. ಮೇಲ್ಮೈಯ ಬಿಸಿ ಸುಮಾರು 8,000 ಕೆಲ್ವಿನ್, ಸೂರ್ಯನದು 5,772.

ಬಿಸಿಯ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ ಎನಿಸಬಹುದು. ಆದರೆ ಮೇಲ್ಮೈಯ ಪ್ರತಿ ಚದರ ಮೀಟರಿನಿಂದ ಹೊರಬೀಳುವ ಶಕ್ತಿ ಉಷ್ಣತೆಯ ನಾಲ್ಕನೇ ಘಾತದಲ್ಲಿ ಏರುತ್ತದೆ. 8,000ವನ್ನು 5,772ರಿಂದ ಭಾಗಿಸಿ ಬಂದದ್ದನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿ ನೋಡಿ, ಮೂರೂವರೆ ದಾಟುತ್ತದೆ. ಮೇಲ್ಮೈಯ ವಿಸ್ತಾರವೂ ಸೂರ್ಯನ ಮೂರೂವರೆ ಪಟ್ಟಿನ ಹತ್ತಿರ. ಎರಡನ್ನೂ ಗುಣಿಸಿದರೆ ಆ ಹದಿಮೂರು ಸಿಗುತ್ತದೆ. ಹತ್ತನೇ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ ಇದು.

ಮೈಯ ಬಿಸಿ ತಿಳಿದದ್ದು ಬಣ್ಣದಿಂದ. ಬಣ್ಣಕ್ಕೆ ಬೆಲೆ ಕಟ್ಟುವುದು ಹೇಗೆಂದು ಬ್ಯಾಡಗಿಯವರಿಗೆ ಹೇಳಿಕೊಡಬೇಕಾಗಿಲ್ಲ. ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಗಳ ಮುಂದೆ ಚೀಲದ ಬಾಯಿ ಬಿಚ್ಚಿದಾಗ ಖರೀದಿದಾರ ಮೊದಲು ಒಂದು ಕಾಯಿ ಎತ್ತಿ ಸುಕ್ಕು ನೋಡುತ್ತಾನೆ, ಕಿವಿಯ ಬಳಿ ಅಲ್ಲಾಡಿಸಿ ಬೀಜದ ಸದ್ದು ಕೇಳುತ್ತಾನೆ, ಆಮೇಲೆ ಮುರಿದು ಒಳಮೈಯನ್ನು ಬೆಳಕಿಗೆ ಹಿಡಿಯುತ್ತಾನೆ. ತಳಿ ಡಬ್ಬಿಯೋ ಕಡ್ಡಿಯೋ ಅದು ಬೇರೆ ಮಾತು, ದರ ನಿಲ್ಲುವುದು ಕೆಂಪಿನ ಮೇಲೆ. ಇಲ್ಲಿಂದ ಸರಕು ಬಣ್ಣ ತೆಗೆಯುವ ಕಾರ್ಖಾನೆಗೆ ಹೋದಾಗ ಕಣ್ಣಿನ ಅಂದಾಜು ಸಾಲದು. ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ ಬಣ್ಣ ಇಳಿಸಿ, ಆ ದ್ರವದ ಮೂಲಕ 460 ನ್ಯಾನೊಮೀಟರ್ ಅಲೆಯುದ್ದದ ನೀಲಿ ಬೆಳಕು ಹಾಯಿಸಿ, ಎಷ್ಟು ಹೀರಿಕೊಂಡಿತು ಎಂದು ಯಂತ್ರದಲ್ಲಿ ಅಳೆಯುತ್ತಾರೆ. ಬಂದ ಅಂಕಿಯೇ ಆ ಮೆಣಸಿನಕಾಯಿಯ ಬಣ್ಣ.

ನಕ್ಷತ್ರದ ಬಣ್ಣವನ್ನು ಅಂಕಿಗೆ ಇಳಿಸುವುದೂ ಇದೇ ದಾರಿಯಲ್ಲಿ. ದೂರದರ್ಶಕದ ಮುಂದೆ ಒಮ್ಮೆ ನೀಲಿ ಫಿಲ್ಟರ್ ಇಟ್ಟು, ಇನ್ನೊಮ್ಮೆ ಹಳದಿ-ಹಸಿರು ಫಿಲ್ಟರ್ ಇಟ್ಟು ಕಾಂತಿಮಾನ ಅಳೆದು ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಸೂರ್ಯನಿಗೆ ಸುಮಾರು 0.65 ಬರುತ್ತದೆ, ಅರುಂಧತಿಗೆ 0.16. ಅಂಕಿ ಕಡಿಮೆಯಾದಷ್ಟೂ ನೀಲಿಯ ಪಾಲು ಹೆಚ್ಚು, ಮೈ ಹೆಚ್ಚು ಬಿಸಿ. ಸೊನ್ನೆಯ ಆಸುಪಾಸಿನವು ಬಿಳಿ ನಕ್ಷತ್ರಗಳು. ನಮ್ಮ ಬರಿಗಣ್ಣಿನ ಸಾಕ್ಷಿಯನ್ನು ಇಲ್ಲಿ ನಂಬುವ ಹಾಗಿಲ್ಲ. ಕಡಿಮೆ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲವಾದ್ದರಿಂದ ಮಂಕು ನಕ್ಷತ್ರಗಳೆಲ್ಲ ನಮಗೆ ಬಿಳಿಯಾಗಿಯೇ ಕಾಣುತ್ತವೆ. ಅರುಂಧತಿಯ ವಿಷಯದಲ್ಲಿ ಕಣ್ಣು ಹೇಳಿದ್ದೂ ಯಂತ್ರ ಹೇಳಿದ್ದೂ ಒಂದೇ ಆಗಿರುವುದು ನಮ್ಮ ಅದೃಷ್ಟ.

ಬೆಳಕನ್ನು ಇನ್ನೂ ಸಣ್ಣಗೆ ಸೀಳಿ ರೋಹಿತ ಮಾಡಿದರೆ ಅದರಲ್ಲಿ ಹೈಡ್ರೋಜನ್‌ನ ಕಪ್ಪು ಗೆರೆಗಳು ದಪ್ಪಗೆ ಎದ್ದು ಕಾಣುತ್ತವೆ. ಇಂಥ ನಕ್ಷತ್ರಗಳನ್ನು ಖಗೋಳಜ್ಞರು ಎ ವರ್ಗಕ್ಕೆ ಸೇರಿಸಿದ್ದಾರೆ, ಅರುಂಧತಿಯದು ಎ5. ಬಿಳಿ ನಕ್ಷತ್ರದಲ್ಲಿ ಹೈಡ್ರೋಜನ್ ಗೆರೆ ದಪ್ಪ, ಸೂರ್ಯನಲ್ಲಿ ತೆಳು ಏಕೆ? ಎರಡರಲ್ಲೂ ಬಹುಪಾಲು ಹೈಡ್ರೋಜನ್ನೇ ಅಲ್ಲವೆ? ಈ ಒಗಟು ಬಿಡಿಸಲು ದಾರಿ ಮಾಡಿಕೊಟ್ಟವರು ಮೇಘನಾದ ಸಾಹಾ, 1920ರಲ್ಲಿ. ಗೆರೆಗಳ ದಪ್ಪ ಹೇಳುವುದು ಮುಖ್ಯವಾಗಿ ಬಿಸಿಯನ್ನು, ಯಾವ ಧಾತು ಎಷ್ಟಿದೆ ಎಂಬುದನ್ನಲ್ಲ ಎಂದು ಅವರ ಸಮೀಕರಣ ತೋರಿಸಿತು. ಹತ್ತು ಸಾವಿರ ಡಿಗ್ರಿಯ ಸಮೀಪದಲ್ಲಿ ಹೈಡ್ರೋಜನ್ ಗೆರೆಗಳು ಪರಮಾವಧಿ ಮುಟ್ಟುತ್ತವೆ. ಅದಕ್ಕಿಂತ ತಂಪಾದರೆ ಗೆರೆ ಮೂಡಿಸಲು ಬೇಕಾದ ಸ್ಥಿತಿಯಲ್ಲಿರುವ ಪರಮಾಣುಗಳು ಕಡಿಮೆ, ಹೆಚ್ಚು ಬಿಸಿಯಾದರೆ ಪರಮಾಣುಗಳು ಎಲೆಕ್ಟ್ರಾನನ್ನೇ ಕಳೆದುಕೊಂಡಿರುತ್ತವೆ.

ಅರುಂಧತಿಯ ಗೆರೆಗಳು ದಪ್ಪವಷ್ಟೇ ಅಲ್ಲ, ಕದಡಿದ ಹಾಗೆ ಅಂಚು ಮಾಸಿವೆ. ಕಾರಣ ಅದರ ತಿರುಗುವಿಕೆ. ಒಂದು ಮಗ್ಗುಲು ನಮ್ಮ ಕಡೆ ಧಾವಿಸಿ ಬರುತ್ತಿದ್ದರೆ ಇನ್ನೊಂದು ಅಷ್ಟೇ ವೇಗದಲ್ಲಿ ದೂರ ಸರಿಯುತ್ತಿರುತ್ತದೆ. ಒಂದರ ಬೆಳಕು ನೀಲಿಯತ್ತ, ಇನ್ನೊಂದರದು ಕೆಂಪಿನತ್ತ ಜಾರಿ ಗೆರೆ ಅಗಲವಾಗುತ್ತದೆ. ಆ ಅಗಲವನ್ನು ಅಳೆದರೆ ಸೆಕೆಂಡಿಗೆ ಇನ್ನೂರು ಕಿಲೋಮೀಟರಿಗೂ ಮೀರಿದ ವೇಗ ಸಿಗುತ್ತದೆ. ಸೂರ್ಯನ ಸಮಭಾಜಕದ ವೇಗ ಸೆಕೆಂಡಿಗೆ ಎರಡು ಕಿಲೋಮೀಟರ್. ಸೂರ್ಯ ಒಂದು ಸುತ್ತು ತಿರುಗಲು 25 ದಿನ ತೆಗೆದುಕೊಂಡರೆ, ಅದರ ಎರಡು ಪಟ್ಟಿನಷ್ಟು ದಪ್ಪನೆಯ ಅರುಂಧತಿ ಅರ್ಧ ದಿನದೊಳಗೆ ಸುತ್ತು ಮುಗಿಸುತ್ತದೆ. ಪತಿಯ ಪಕ್ಕದಲ್ಲಿ ಅಲುಗಾಡದೆ ಕೂತವಳು ಎಂದು ಹೊಗಳುವವರು ಇದನ್ನೊಮ್ಮೆ ಗಮನಿಸಬೇಕು.

ಇನ್ನು ಅರುಂಧತಿ ಸೇರಿರುವ ಪ್ರಧಾನ ಶ್ರೇಣಿ. ಒಡಲಾಳದಲ್ಲಿ ಹೈಡ್ರೋಜನ್ ಬೆಸೆದು ಹೀಲಿಯಂ ಮಾಡುತ್ತ, ಒಳಗಿನ ಒತ್ತಡವನ್ನೂ ಹೊರಗಿನ ಭಾರವನ್ನೂ ಸರಿತೂಗಿಸಿಕೊಂಡಿರುವ ನಕ್ಷತ್ರಗಳ ಗುಂಪಿಗೆ ಆ ಹೆಸರು. ಸೂರ್ಯನೂ ಅದೇ ಗುಂಪಿನವನು. ಒಲೆಯ ಬಗೆ ಮಾತ್ರ ಬೇರೆ. ಸೂರ್ಯನ ಕೇಂದ್ರದಲ್ಲಿ ಉಷ್ಣತೆ ಒಂದೂವರೆ ಕೋಟಿ ಕೆಲ್ವಿನ್, ಅಲ್ಲಿ ಪ್ರೋಟಾನುಗಳು ನೇರವಾಗಿ ಒಂದಕ್ಕೊಂದು ಬೆಸೆಯುತ್ತವೆ. ಅರುಂಧತಿಯಷ್ಟು ತೂಕದ ನಕ್ಷತ್ರದ ಕೇಂದ್ರದಲ್ಲಿ ಸುಮಾರು ಎರಡು ಕೋಟಿ. ಆ ಬಿಸಿಯಲ್ಲಿ ಇಂಗಾಲ, ಸಾರಜನಕ, ಆಮ್ಲಜನಕಗಳು ಮಧ್ಯವರ್ತಿಗಳಾಗಿ ನಿಂತು ಅದೇ ಕೆಲಸವನ್ನು ಬಹಳ ಚುರುಕಾಗಿ ಮಾಡಿಸುತ್ತವೆ. ಇಂಧನ ಎರಡು ಪಟ್ಟೂ ಇಲ್ಲ, ಖರ್ಚು ಹದಿಮೂರು ಪಟ್ಟು. ಸೂರ್ಯನ ಆಯುಷ್ಯ ಸಾವಿರ ಕೋಟಿ ವರ್ಷವಾದರೆ ಅರುಂಧತಿಗೆ ಈ ಸ್ಥಿತಿಯಲ್ಲಿ ಸಿಗುವುದು ನೂರು ಕೋಟಿಗಿಂತ ತುಸು ಹೆಚ್ಚು. ಅದರಲ್ಲಿ ನಲವತ್ತು ಐವತ್ತು ಕೋಟಿ ವರ್ಷ ಆಗಲೇ ಸಂದಿವೆ. ರಾಣೇಬೆನ್ನೂರಿನ ಹೆಸರನ್ನೇ ಭೂವಿಜ್ಞಾನಿಗಳು ಒಂದು ಶಿಲಾಸ್ತರಕ್ಕೆ ಇಟ್ಟಿದ್ದಾರೆ. ಆ ಕಲ್ಲಿನ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ನಮ್ಮ ಹೊಲದ ಬದುವಿನ ಕಲ್ಲು ಅರುಂಧತಿಗಿಂತ ಐದು ಪಟ್ಟು ಹಳೆಯದು.

ಬಿಳಿ ಎಂಬ ಮಾತಿನಿಂದ ಹುಟ್ಟುವ ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಿಬಿಡಬೇಕು. ಶ್ವೇತಕುಬ್ಜ ಎಂದು ನಾವು ಪಠ್ಯದಲ್ಲಿ ಓದಿದ್ದು ಸತ್ತ ನಕ್ಷತ್ರದ ತಿರುಳಿನ ಬಗ್ಗೆ. ಅರುಂಧತಿ ಬಿಳಿ ಹೌದು, ಜೀವಂತ. ಮುಂದೆ ಅದು ಉಬ್ಬಿ ಕೆಂಪು ದೈತ್ಯನಾಗಿ, ಮೈಮೇಲಿನದನ್ನೆಲ್ಲ ಕಳಚಿಕೊಂಡು, ಆಮೇಲೆ ಶ್ವೇತಕುಬ್ಜವಾಗುತ್ತದೆ.

ಈಗ ವಾಟ್ಸ್ಆ್ಯಪಿನ ವಿಷಯ. ಪ್ರತಿ ಮದುವೆ ಸೀಸನ್ನಿನಲ್ಲಿ ಒಂದು ಸಂದೇಶ ಸುತ್ತುತ್ತದೆ: ಬೇರೆ ಜೋಡಿ ನಕ್ಷತ್ರಗಳಲ್ಲಿ ಒಂದು ನಿಂತಿರುತ್ತದೆ, ಇನ್ನೊಂದು ಅದನ್ನು ಸುತ್ತುತ್ತದೆ, ವಸಿಷ್ಠ-ಅರುಂಧತಿ ಮಾತ್ರ ಒಬ್ಬರನ್ನೊಬ್ಬರು ಸುತ್ತುತ್ತಾರೆ, ಇದು ಋಷಿಗಳಿಗೆ ದೂರದರ್ಶಕವಿಲ್ಲದೆ ತಿಳಿದಿತ್ತು. ಇದರ ಮೊದಲ ಮಾತೇ ತಪ್ಪು. ಜಗತ್ತಿನ ಯಾವ ಜೋಡಿ ನಕ್ಷತ್ರದಲ್ಲೂ ಒಂದು ನಿಂತಿರುವುದಿಲ್ಲ, ಎರಡೂ ತಮ್ಮ ಸಮಾನ ದ್ರವ್ಯಕೇಂದ್ರವನ್ನು ಸುತ್ತುತ್ತವೆ. ಎರಡನೆಯದಾಗಿ, ಇವೆರಡರ ನಡುವಿನ ಅಂತರ ಜ್ಯೋತಿರ್ವರ್ಷದ ಲೆಕ್ಕದಲ್ಲಿದೆ. ಗುರುತ್ವದಿಂದ ಕಟ್ಟಿಕೊಂಡಿವೆ ಎಂದೇ ಹಿಡಿದರೂ ಒಂದು ಸುತ್ತಿಗೆ ಲಕ್ಷಾಂತರ ವರ್ಷ ಬೇಕು. ಯಾವ ಋಷಿಯೂ, ಯಾವ ದೂರದರ್ಶಕವೂ ಆ ಸುತ್ತನ್ನು ಕಂಡಿಲ್ಲ. ಭೀಷ್ಮಪರ್ವದಲ್ಲಿ ಅರುಂಧತಿ ವಸಿಷ್ಠನನ್ನು ಹಿಂದಿಕ್ಕಿದಳು ಎಂಬ ಮಾತು ಬರುತ್ತದೆ, ಅದನ್ನು ಹಿಡಿದು ಮಹಾಭಾರತದ ಇಸವಿ ಕಟ್ಟುವವರೂ ಇದ್ದಾರೆ. ಅದು ಅಪಶಕುನಗಳ ಪಟ್ಟಿ. ಹಸುವಿಗೆ ಕತ್ತೆ ಹುಟ್ಟಿತು ಎಂಬುದೂ ಅದೇ ಪಟ್ಟಿಯಲ್ಲಿದೆ. ನಡೆಯಬಾರದ್ದು ನಡೆಯಿತು ಎನ್ನುವ ಕವಿಯ ಮಾತಿನಿಂದ ಪಂಚಾಂಗ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ.

ನಿಜವಾದ ಸಂಸಾರ ಇದಕ್ಕಿಂತ ದೊಡ್ಡದು. ವಸಿಷ್ಠ ಒಬ್ಬನಲ್ಲ. ಗೆಲಿಲಿಯೊ ಮತ್ತು ಅವನ ಶಿಷ್ಯ ಕಾಸ್ಟೆಲ್ಲಿ 1617ರಲ್ಲಿ ದೂರದರ್ಶಕದಿಂದ ನೋಡಿದಾಗ ಅದು ಎರಡಾಗಿ ಒಡೆಯಿತು. 1889ರಲ್ಲಿ ಹಾರ್ವರ್ಡ್‌ನ ಪಿಕರಿಂಗ್, ಆ ಎರಡರಲ್ಲಿ ಒಂದರ ರೋಹಿತದ ಗೆರೆಗಳು ಜೋಡಿಯಾಗಿ ಬಿಡಿಸಿಕೊಂಡು ಮತ್ತೆ ಕೂಡುವುದನ್ನು ಪ್ರಕಟಿಸಿದರು. ಅದು ಇಪ್ಪತ್ತೂವರೆ ದಿನಕ್ಕೊಮ್ಮೆ ಸುತ್ತುವ ಎರಡು ನಕ್ಷತ್ರಗಳ ಜೋಡಿ. ಇನ್ನೊಂದೂ ಜೋಡಿಯೇ ಎಂದು ಆಮೇಲೆ ತಿಳಿಯಿತು. ಅಲ್ಲಿಗೆ ವಸಿಷ್ಠ ನಾಲ್ಕು. 2009ರಲ್ಲಿ ಅಮೆರಿಕದ ಎರಡು ತಂಡಗಳು ಒಂದನ್ನೊಂದು ಅರಿಯದೆ ಅರುಂಧತಿಯ ಮಗ್ಗುಲಲ್ಲೇ ಒಂದು ಪುಟ್ಟ ಕೆಂಪುಕುಬ್ಜವನ್ನು ಕಂಡವು. ತೂಕ ಸೂರ್ಯನ ಕಾಲು ಭಾಗ. ಅರುಂಧತಿಯಿಂದ ಅದರ ದೂರ ಸೂರ್ಯನಿಂದ ನೆಪ್ಚೂನ್ ಇರುವಷ್ಟು, ಒಂದು ಸುತ್ತಿಗೆ ನೂರು ವರ್ಷದ ಆಸುಪಾಸು. ಅರುಂಧತಿಯ ಕಡೆಯಿಂದ ಎಕ್ಸ್-ಕಿರಣ ಬರುತ್ತಿದ್ದುದು ಬಹಳ ದಿನ ಬಗೆಹರಿಯದ ಪ್ರಶ್ನೆಯಾಗಿತ್ತು. ಇಂಥ ಬಿಳಿ ನಕ್ಷತ್ರಗಳ ಹೊರಮೈ ಕುದಿಯುವುದಿಲ್ಲ, ಸೂರ್ಯನಿಗಿರುವಂಥ ಕಾಂತೀಯ ಗಲಾಟೆ ಅಲ್ಲಿಲ್ಲ. ಆ ಕಿರಣ ಈ ಕಿರಿಯ ಸಂಗಾತಿಯದು ಎಂದು ಈಗ ತಿಳಿಯಲಾಗಿದೆ. ಒಟ್ಟು ಲೆಕ್ಕ ಆರು ನಕ್ಷತ್ರ. ಇದಲ್ಲದೆ ಏಳು ಋಷಿಗಳಲ್ಲಿ ಕ್ರತು ಮತ್ತು ಮರೀಚಿಯನ್ನು ಬಿಟ್ಟು ಉಳಿದ ಐವರೂ ಅರುಂಧತಿಯೂ ಒಂದೇ ಮೋಡದಲ್ಲಿ ಹುಟ್ಟಿ ಒಂದೇ ದಿಕ್ಕಿಗೆ ಸಾಗುತ್ತಿರುವ ಒಡಹುಟ್ಟುಗಳು.

82 ಜ್ಯೋತಿರ್ವರ್ಷ ಎಂದೆ. ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ, ಜೊತೆಗಾರರಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಂದಿಗೆ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದದ್ದು 1943ರ ಏಪ್ರಿಲ್ 1ರಂದು. ಅದರ ಆಚೀಚೆ ಅರುಂಧತಿಯಿಂದ ಹೊರಟ ಬೆಳಕು ಹಾವೇರಿ ಜಿಲ್ಲೆಗೆ ಬಂದು ಮುಟ್ಟಿದ್ದು ಈಗ, ಈ ಒಂದೆರಡು ವರ್ಷಗಳಲ್ಲಿ.

ಮದುವೆ ಮಾಡಿಸುವವರಲ್ಲಿ, ಮಾಡಿಸಿಕೊಳ್ಳುವವರಲ್ಲಿ ಒಂದು ವಿನಂತಿ. ಏಪ್ರಿಲ್‌ನಿಂದ ಜೂನ್ ಮೊದಲ ವಾರದೊಳಗಿನ ಮದುವೆಯಾದರೆ ಈ ವಿಧಿಯನ್ನು ರಾತ್ರಿ ಎಂಟೂವರೆಯ ನಂತರಕ್ಕೆ ಇಟ್ಟುಕೊಳ್ಳಿ. ಮಂಟಪದ ಸೀರಿಯಲ್ ಸೆಟ್ಟುಗಳನ್ನು ಹತ್ತು ನಿಮಿಷ ಆರಿಸಿ, ಮಾಳಿಗೆ ಹತ್ತಿ ಉತ್ತರಕ್ಕೆ ನೋಡಿ. ಯಾರ ಬಳಿಯಾದರೂ ಬೈನಾಕ್ಯುಲರ್ ಇದ್ದರೆ ಇಸಿದುಕೊಳ್ಳಿ: ವಸಿಷ್ಠ, ಅರುಂಧತಿ, ಇವೆರಡರೊಂದಿಗೆ ತ್ರಿಕೋನ ಕಟ್ಟಿ ನಿಂತ ಮೂರನೆಯದೊಂದು ಮಂಕು ನಕ್ಷತ್ರ ಕಾಣುತ್ತದೆ. 1722ರಲ್ಲಿ ಜರ್ಮನಿಯ ಪ್ರಾಧ್ಯಾಪಕರೊಬ್ಬರು ಅದನ್ನು ಹೊಸ ಗ್ರಹವೆಂದು ನಂಬಿ ತಮ್ಮ ದೊರೆ ಲುಡ್ವಿಗ್‌ನ ಹೆಸರು ಇಟ್ಟಿದ್ದರು. ಅದು ಈ ಸಂಸಾರಕ್ಕೆ ಸೇರದ, ಬಹಳ ಹಿಂದೆ ಇರುವ ಬೇರೆಯೇ ನಕ್ಷತ್ರ. ತುಳಸಿ ಲಗ್ನದ ನಂತರದ ನವೆಂಬರ್ ಮದುವೆಗಳವರು ಮಾತ್ರ ಸಂಜೆ ಹುಡುಕಬೇಡಿ. ಆಗ ಅರುಂಧತಿ ಏಳುವುದು ಬೆಳಗಿನ ಜಾವ ಮೂರರ ಸುಮಾರಿಗೆ, ಗಿಡಮರಗಳ ಮೇಲೆ ಬಂದು ಸರಿಯಾಗಿ ಕಾಣುವುದು ನಾಲ್ಕೂವರೆಯ ನಂತರ.